ಮೂರು ಷರತ್ತುಗಳು

ಮಲ್ಲೇಶ್ವರ, ಯಶವಂತಪುರದ ಸುತ್ತ ಓಡಾಡುವ ಸಿಟಿ ಬಸ್ಸುಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಹಳೆಯ ಬೆಂಗಳೂರಿನವರು ಇವತ್ತಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದೇ ಕರೆಯುತ್ತಾರೆ. ಜೆಮ್‌ಶೆಟ್‌ಜಿ ಟಾಟಾ ಕನಸು ಕಂಡು, ಮೈಸೂರು ಸಂಸ್ಥಾನ 371 ಎಕರೆ ಜಾಗ ಕೊಟ್ಟು, 1909ರಲ್ಲಿ ಹುಟ್ಟಿದ ಸಂಸ್ಥೆ ಅದು. ಈಗ ಮೇ ತಿಂಗಳಲ್ಲಿ ಅಲ್ಲಿಗೆ ಹೋದರೆ ಮರಗಳ ನೆರಳಿನಲ್ಲಿ ಹೊಸ ಮುಖಗಳು ಕಾಣುತ್ತವೆ. ಕೈಯಲ್ಲಿ ಸೂಟ್‌ಕೇಸು, ಬೆನ್ನಿಗೆ ಚೀಲ, ಯಾವ ಕಟ್ಟಡ ಎಲ್ಲಿದೆ ಎಂದು ದಾರಿಹೋಕರನ್ನು ಕೇಳುವ ಹುಡುಗಿಯರು. ಬಿ.ಎಸ್ಸಿ. ಎರಡನೆಯ ವರ್ಷವೋ ಮೂರನೆಯ ವರ್ಷವೋ ಓದುತ್ತಿರುವವರು. ಬೇಸಿಗೆಯ ಎರಡು ತಿಂಗಳು ಒಂದು ಪ್ರಯೋಗಾಲಯದಲ್ಲಿ ನಿಂತು, ನಿಜವಾದ ಸಂಶೋಧನೆ ಎಂದರೇನು ಎಂದು ಕಣ್ಣಾರೆ ಕಾಣಲು ಬಂದವರು. ಇವರಲ್ಲಿ ಎಷ್ಟೋ ಮಂದಿಗೆ ತಾವು ನಡೆದು ಬಂದ ಬಾಗಿಲನ್ನು ಯಾರು, ಯಾವ ಬೆಲೆ ಕೊಟ್ಟು ತೆರೆದರು ಎಂಬುದು ಗೊತ್ತಿರಲಾರದು. ನಮಗೂ ನಮ್ಮ ಕಾಲೇಜಿನಲ್ಲಿ ಯಾರೂ ಹೇಳಲಿಲ್ಲ. ನಮ್ಮ ರಸಾಯನಶಾಸ್ತ್ರದ ಪುಸ್ತಕಗಳಲ್ಲಿ ಹೆಂಗಸು ಎಂದರೆ ಮೇಡಂ ಕ್ಯೂರಿ ಒಬ್ಬಳೇ.

ಆ ಕಥೆ 1933ರದು. ಕಮಲಾ ಭಾಗವತ್ ಎಂಬ ಹುಡುಗಿ ಆ ವರ್ಷ ಮುಂಬಯಿ ವಿಶ್ವವಿದ್ಯಾಲಯದ ಬಿ.ಎಸ್ಸಿ. ಮುಗಿಸಿದ್ದಳು. ರಸಾಯನಶಾಸ್ತ್ರ ಮುಖ್ಯ ವಿಷಯ, ಜೊತೆಗೆ ಭೌತಶಾಸ್ತ್ರ. ಪರೀಕ್ಷೆಯಲ್ಲಿ ಎಲ್ಲರಿಗಿಂತ ಮುಂದೆ. 1911ರಲ್ಲಿ ಇಂದೋರಿನಲ್ಲಿ ಹುಟ್ಟಿದ ಕಮಲಾಳಿಗೆ ಬೆಂಗಳೂರು ಪರಕೀಯವಾಗಿರಲಿಲ್ಲ. ಅವಳ ತಂದೆ ನಾರಾಯಣರಾಯರೂ ದೊಡ್ಡಪ್ಪ ಮಾಧವರಾಯರೂ ಟಾಟಾ ಇನ್‌ಸ್ಟಿಟ್ಯೂಟಿನಲ್ಲೇ ಕಲಿತ ರಸಾಯನ ವಿಜ್ಞಾನಿಗಳು. ಮನೆಯ ಗಂಡಸರು ಕಲಿತ ಕಡೆ ತಾನೂ ಕಲಿಯಬೇಕು ಎಂಬುದು ಅವಳ ಆಸೆ. ಅರ್ಜಿ ಹಾಕಿದಳು. ಅದೇ ವರ್ಷ ಸಂಸ್ಥೆಯ ನಿರ್ದೇಶಕರಾಗಿ ಬಂದಿದ್ದವರು ಸರ್ ಸಿ.ವಿ. ರಾಮನ್, ಮೂರು ವರ್ಷದ ಹಿಂದೆಯಷ್ಟೇ ನೊಬೆಲ್ ಪಾರಿತೋಷಕ ಪಡೆದವರು. ಅರ್ಜಿಗೆ ಉತ್ತರ ಬಂತು: ಹೆಣ್ಣುಮಕ್ಕಳನ್ನು ತೆಗೆದುಕೊಳ್ಳುವುದಿಲ್ಲ.

ಅಂಕ ಕಡಿಮೆ ಎಂದಿದ್ದರೆ ಸುಮ್ಮನಾಗಬಹುದಿತ್ತು. ಜಾಗ ಇಲ್ಲ ಎಂದಿದ್ದರೂ ಸರಿಯೆ. ಹೆಣ್ಣು ಎಂಬ ಕಾರಣವನ್ನು ಅವಳು ಒಪ್ಪಲಿಲ್ಲ. ತಂದೆ, ದೊಡ್ಡಪ್ಪ ಹೇಳಿ ನೋಡಿದರು, ಫಲವಾಗಲಿಲ್ಲ. ಗಾಂಧೀಜಿಯವರ ಮಾತು ಮನೆಮನೆಯಲ್ಲಿ ಕೇಳುತ್ತಿದ್ದ ಕಾಲ. ಕಮಲಾ ತಾನೇ ಬೆಂಗಳೂರಿಗೆ ಬಂದು ರಾಮನ್ ಅವರ ಎದುರು ನಿಂತು, ಕಾರಣ ಹೇಳಿ, ಇಲ್ಲವೇ ಸೇರಿಸಿಕೊಳ್ಳಿ ಎಂದು ಸತ್ಯಾಗ್ರಹ ಹೂಡಿದಳು. ಕೊನೆಗೆ ಅವರು ಒಪ್ಪಿದರು, ಆದರೆ ಮೂರು ಷರತ್ತುಗಳ ಮೇಲೆ. ಮೊದಲನೆಯದು, ಒಂದು ವರ್ಷ ಅವಳು ಪೂರ್ಣ ವಿದ್ಯಾರ್ಥಿನಿಯಲ್ಲ. ಪರೀಕ್ಷಾರ್ಥವಾಗಿ ಇರತಕ್ಕದ್ದು, ಕೆಲಸ ಮೆಚ್ಚಿಗೆಯಾದರೆ ಮಾತ್ರ ಮಾನ್ಯತೆ. ಎರಡನೆಯದು, ಮಾರ್ಗದರ್ಶಕರು ಹೇಳಿದಾಗ ರಾತ್ರಿ ಎಷ್ಟು ಹೊತ್ತಾದರೂ ಕೆಲಸ ಮಾಡಬೇಕು. ಮೂರನೆಯದು, ಪ್ರಯೋಗಾಲಯದ ವಾತಾವರಣ ಕೆಡಿಸಬಾರದು.

ಈ ಮೂರನೆಯ ಷರತ್ತನ್ನು ನಿಧಾನವಾಗಿ ಓದಿ. ಹುಡುಗಿ ಇದ್ದರೆ ಹುಡುಗರ ಗಮನ ಚೆದುರೀತು, ಅದಕ್ಕೆ ಹೊಣೆ ಹುಡುಗಿ ಎಂಬುದು ಅದರ ತಾತ್ಪರ್ಯ. ರಾಮನ್ ಅವರ ವಿಜ್ಞಾನವನ್ನು ತೂಗುವ ಯೋಗ್ಯತೆ ನನಗಿಲ್ಲ. ಆ ವಿಷಯದಲ್ಲಿ ಅವರು ಪರ್ವತ. ಆದರೆ ಈ ಷರತ್ತನ್ನು ಹಾಕಲು ದೊಡ್ಡ ವಿಜ್ಞಾನಿಯೇ ಆಗಬೇಕಿರಲಿಲ್ಲ. ಆ ಕಾಲದ ಯಾವ ಊರಿನ ಯಾವ ಜಗುಲಿಯ ಮೇಲೆ ಕುಳಿತ ಹಿರಿಯರಾದರೂ ಇದನ್ನೇ ಹೇಳುತ್ತಿದ್ದರು. ಕಮಲಾ ಮೂರಕ್ಕೂ ಒಪ್ಪಿಕೊಂಡಳು. ಆದರೆ ಆ ಅವಮಾನವನ್ನು ಮರೆಯಲಿಲ್ಲ. ಮುಪ್ಪಿನಲ್ಲೂ ತನ್ನ ಮಾತುಗಳಲ್ಲಿ ಅದನ್ನು ನೆನೆದಿದ್ದಾಳೆ. ಆಗಿನ ಕಾಲಕ್ಕೆ ಅದು ಸಹಜವಾಗಿತ್ತು ಎಂದು ನಾವು ಈಗ ಸುಲಭವಾಗಿ ಹೇಳಿಬಿಡುತ್ತೇವೆ. ಆ ಕಾಲದವಳೇ ಆದ ಅವಳಿಗೆ ಅದು ಸಹಜವೆನ್ನಿಸಿರಲಿಲ್ಲ ಎಂಬುದನ್ನು ಮರೆಯಬಾರದು.

ಸಂಸ್ಥೆಯ ಜೀವರಸಾಯನ ವಿಭಾಗದಲ್ಲಿ ಎಂ. ಶ್ರೀನಿವಾಸಯ್ಯನವರು ಅವಳ ಗುರುಗಳಾದರು. ಕಟ್ಟುನಿಟ್ಟಿನ ಮನುಷ್ಯರು; ಆದರೆ ಕೆಲಸ ಮಾಡುವವರನ್ನು ಕಂಡರೆ ಪ್ರೀತಿ. ಕಮಲಾಳಿಗೆ ಸಿಕ್ಕ ವಿಷಯ ಹಾಲು ಮತ್ತು ಬೇಳೆಕಾಳುಗಳಲ್ಲಿರುವ ಪ್ರೋಟೀನುಗಳು. ನೋಡಿ, ನಮ್ಮ ಅಡಿಗೆಮನೆಯ ಡಬ್ಬಿಗಳಲ್ಲಿ ಇರುವುದೇ! ಮಾಂಸ ತಿನ್ನದ, ತಿನ್ನಲು ಹಣವೂ ಇಲ್ಲದ ಕೋಟ್ಯಂತರ ಜನರ ಶಕ್ತಿ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ಅದರ ಹಿಂದಿತ್ತು. ವರ್ಷ ಕಳೆಯಿತು. ರಾಮನ್ ಅವರಿಗೆ ಅವಳ ಕೆಲಸ ಮೆಚ್ಚಿಗೆಯಾಯಿತು. ಅವಳಿಗೆ ಪೂರ್ಣ ಪ್ರವೇಶ ಸಿಕ್ಕಿದ್ದಷ್ಟೇ ಅಲ್ಲ, ಅಲ್ಲಿಂದ ಮುಂದೆ ಹೆಣ್ಣುಮಕ್ಕಳಿಗೂ ಆ ಸಂಸ್ಥೆಯ ಬಾಗಿಲು ತೆರೆಯಿತು. 1936ರಲ್ಲಿ ಅವಳು ಎಂ.ಎಸ್ಸಿ. ಪಡೆದಳು.

ಅಲ್ಲಿಂದ ಕೇಂಬ್ರಿಜ್. ವೈಟಮಿನ್ನುಗಳ ಸಂಶೋಧನೆಗಾಗಿ 1929ರಲ್ಲಿ ನೊಬೆಲ್ ಪಡೆದ ಫ್ರೆಡರಿಕ್ ಗೌಲಂಡ್ ಹಾಪ್ಕಿನ್ಸ್ ಅವರ ವಿಭಾಗ. ಕಮಲಾ ಹೋದಾಗ ಅಲ್ಲಿ ಜಾಗ ತುಂಬಿತ್ತಂತೆ. ಡೆರೆಕ್ ರಿಕ್ಟರ್ ಎಂಬ ಸಂಶೋಧಕರು, ಹಗಲಿಗೆ ನನ್ನ ಮೇಜು ನೀವು ಇಟ್ಟುಕೊಳ್ಳಿ, ರಾತ್ರಿ ಅದರ ಮೇಲೆ ನಾನು ಮಲಗುತ್ತೇನೆ ಎಂದು ಜಾಗ ಬಿಟ್ಟುಕೊಟ್ಟರು ಎಂದು ಅವಳ ಕಥೆ ಬರೆದವರು ಹೇಳುತ್ತಾರೆ. ಬೆಂಗಳೂರಿನಲ್ಲಿ ಮೂರು ಷರತ್ತು, ಕೇಂಬ್ರಿಜ್‌ನಲ್ಲಿ ಅರ್ಧ ಮೇಜು. ಆಮೇಲೆ ರಾಬಿನ್ ಹಿಲ್ ಅವರ ಬಳಿ ಸಸ್ಯಗಳ ಮೇಲೆ ಕೆಲಸ ಮಾಡುತ್ತಾ, ಆಲೂಗಡ್ಡೆಯಲ್ಲಿ ಅವಳು ‘ಸೈಟೋಕ್ರೋಮ್ ಸಿ’ ಎಂಬ ಪ್ರೋಟೀನನ್ನು ಕಂಡಳು. ಊರ ಬಾವಿಗೆ ಬೆಂಕಿ ಆರಿಸಲು ಸಾಲಾಗಿ ನಿಂತವರು ಕೊಡವನ್ನು ಕೈಯಿಂದ ಕೈಗೆ ದಾಟಿಸುವುದಿಲ್ಲವೆ, ಜೀವಕೋಶದ ಉಸಿರಾಟದಲ್ಲಿ ಇಲೆಕ್ಟ್ರಾನುಗಳನ್ನು ಹಾಗೆ ದಾಟಿಸುವ ಸಾಲಿನಲ್ಲಿ ನಿಂತ ಒಂದು ಕೈ ಈ ಸೈಟೋಕ್ರೋಮ್. ಪ್ರಾಣಿಗಳಂತೆಯೇ ಗಿಡಗಳ ಜೀವಕೋಶಗಳಲ್ಲೂ ಅದು ಇದೆ ಎಂದು ತೋರಿಸಿದ ಅವಳ ಪ್ರಬಂಧ ಕೇವಲ 40 ಪುಟದ್ದು. 1939ರಲ್ಲಿ ಡಾಕ್ಟರೇಟ್ ಸಿಕ್ಕಿತು. ವಿಜ್ಞಾನದಲ್ಲಿ ಆ ಪದವಿ ಪಡೆದ ಮೊದಲ ಭಾರತೀಯ ಮಹಿಳೆಯರ ಸಾಲಿನಲ್ಲಿ ಅವಳದು ದೊಡ್ಡ ಹೆಸರು.

ಇಲ್ಲಿಂದ ಮುಂದೆ ಡಾಕ್ಟರ್ ಕಮಲಾ ಎಂದೇ ಬಹುವಚನದಲ್ಲಿ ಕರೆಯೋಣ. ಅದೇ ವರ್ಷ ಅವರು ತಾಯ್ನಾಡಿಗೆ ಮರಳಿದರು. ದೆಹಲಿಯ ಲೇಡಿ ಹಾರ್ಡಿಂಜ್ ಕಾಲೇಜಿನಲ್ಲಿ ಜೀವರಸಾಯನ ವಿಭಾಗ ನಡೆಸಿದರು. ನೀಲಗಿರಿಯ ಕೂನೂರಿನ ಪೋಷಣಾ ಸಂಶೋಧನಾಲಯದಲ್ಲಿ ವೈಟಮಿನ್ನುಗಳ ಮೇಲೆ ಕೆಲಸ ಮಾಡಿದರು. 1947ರಲ್ಲಿ ಎಂ.ವಿ. ಸೊಹೊನಿಯವರನ್ನು ಮದುವೆಯಾಗಿ ಮುಂಬಯಿಗೆ ಬಂದು, ಅಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್ ಸೇರಿ, ಮುಂದೆ ಅದರ ನಿರ್ದೇಶಕರೂ ಆದರು. ತಾಳೆ ಜಾತಿಯ ಮರಗಳಿಂದ ಇಳಿಸುವ ನೀರಾದ ಪೋಷಕಗುಣವನ್ನು ಪರೀಕ್ಷಿಸಿದರು. ಅದಕ್ಕೆ ರಾಷ್ಟ್ರಪತಿ ಪ್ರಶಸ್ತಿ ಬಂತು. 1966ರಲ್ಲಿ ಮುಂಬಯಿಯ ಕೆಲವು ಮಹಿಳೆಯರು ಸೇರಿ ಕಟ್ಟಿದ ಗ್ರಾಹಕ ಮಾರ್ಗದರ್ಶನ ಸಂಘದಲ್ಲಿ ದುಡಿದು, ಆಹಾರದ ಕಲಬೆರಕೆಯ ಬಗ್ಗೆ ಗೃಹಿಣಿಯರಿಗೆ ತಿಳಿಯುವಂತೆ ಬರೆದರು. 1998ರಲ್ಲಿ ತೀರಿಕೊಂಡರು.

ಅವರ ಕೆಲಸಗಳಲ್ಲಿ ನನಗೆ ಬಲು ಹತ್ತಿರದ್ದು ಒಂದಿದೆ. 1955ರಲ್ಲಿ ಕೆ.ಎಸ್. ಅಂಬೆ ಅವರೊಡನೆ ಸೇರಿ ಇಂಗ್ಲೆಂಡಿನ ‘ನೇಚರ್’ ಪತ್ರಿಕೆಯಲ್ಲಿ ಒಂದು ಚಿಕ್ಕ ಲೇಖನ ಪ್ರಕಟಿಸಿದರು. ವಿಷಯ ನಮ್ಮ ಅವರೆಕಾಳು! ಹೌದು, ಸಾರಿಗೂ ಉಪ್ಪಿಟ್ಟಿಗೂ ಹಿತಕಿದಬೇಳೆಗೂ ನಾವು ಬಳಸುವ ಅದೇ ಅವರೆ. ನಮ್ಮ ಕರುಳಿನಲ್ಲಿ ಟ್ರಿಪ್ಸಿನ್ ಎಂಬ ಕಿಣ್ವ ಪ್ರೋಟೀನನ್ನು ಕತ್ತರಿಸಿ ಜೀರ್ಣ ಮಾಡುತ್ತದೆ. ಹಸಿ ಅವರೆಯಲ್ಲಿ ಆ ಟ್ರಿಪ್ಸಿನ್ನನ್ನೇ ತಡೆಯುವ ವಸ್ತುವೊಂದಿದೆ. ಹುಳುಹುಪ್ಪಟೆಯಿಂದ ಕಾಪಾಡಿಕೊಳ್ಳಲು ಕಾಳು ತನಗೆ ತಾನೇ ಹಾಕಿಕೊಂಡ ಬೇಲಿ ಎನ್ನಬಹುದು. ಆ ತಡೆವಸ್ತುವನ್ನು ಕಾಳಿನಿಂದ ಬೇರ್ಪಡಿಸಿ, ಶುದ್ಧಮಾಡಿ, ಹರಳಾಗಿ ಪಡೆದ ವರದಿ ಆ ಲೇಖನ. ಕಾಳನ್ನು ನೆನೆಸಿ ಚೆನ್ನಾಗಿ ಬೇಯಿಸಬೇಕು ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದುದರ ಒಂದು ಕಾರಣ ಅಲ್ಲಿ ಅಡಗಿದೆ. ಈ ಅವರೆಕಾಳನ್ನು ನೆನಪಿಟ್ಟುಕೊಳ್ಳಿ, ಇನ್ನೊಂದು ಸಲ ಅದರ ಮಾತು ಬರಲಿದೆ.

ಕಮಲಾ ತೆರೆಸಿದ ಬಾಗಿಲಿನಿಂದ ಎಲ್ಲರೂ ಸಲೀಸಾಗಿ ನಡೆದುಹೋದರು ಎಂದೇನೂ ಇಲ್ಲ. 1940ರಲ್ಲಿ ಅನ್ನಾ ಮಣಿ ಎಂಬ ಮಲಯಾಳಿ ಯುವತಿ ರಾಮನ್ ಅವರ ಪ್ರಯೋಗಾಲಯಕ್ಕೇ ಸೇರಿ, ವಜ್ರ ಮತ್ತು ಮಾಣಿಕ್ಯಗಳು ಬೆಳಕನ್ನು ಹೊಮ್ಮಿಸುವ ಬಗೆಯನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದರು, ಐದು ಲೇಖನ ಬರೆದರು. ಎಂ.ಎಸ್ಸಿ. ಪದವಿ ಇಲ್ಲ ಎಂದು ಮದರಾಸು ವಿಶ್ವವಿದ್ಯಾಲಯ ಅವರಿಗೆ ಡಾಕ್ಟರೇಟ್ ಕೊಡಲಿಲ್ಲ. ಅವರು ಬೇಸರಿಸಿಕೊಂಡು ಕೂರದೆ ಹವಾಮಾನ ಉಪಕರಣಗಳ ಕಡೆ ತಿರುಗಿ ದೇಶಕ್ಕೇ ದೊಡ್ಡವರಾದರು. ನಂಜನಗೂಡಿನಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿಯವರು 1940ರ ದಶಕದಲ್ಲಿ ಅದೇ ಸಂಸ್ಥೆಗೆ ಸೇರಿ, ಅಮೆರಿಕಕ್ಕೆ ಹೋಗಿ ಡಾಕ್ಟರೇಟ್ ಪಡೆದು ಬಂದು, ಅಲ್ಲಿಯೇ ಮೈಕ್ರೋವೇವ್ ತಂತ್ರಜ್ಞಾನ ಕಲಿಸಿದರು. ಅವರ ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರೆಯರಲ್ಲಿ ಒಬ್ಬರು. ಅಜ್ಜಿ ಓದಿದ್ದ ಮನೆಯಿಂದ ಬಂದ ಮೊಮ್ಮಗಳಿಗೆ ಮನೆಯ ಬಾಗಿಲಂತೂ ತೆರೆದಿತ್ತು. ಇದು ಎಲ್ಲ ಹುಡುಗಿಯರಿಗೂ ಸಿಗುವ ಭಾಗ್ಯವಲ್ಲ.

ಈಗ ಕಥೆಯ ಒಂದು ವಿಚಿತ್ರ ತಿರುವಿಗೆ ಬರೋಣ. ಕಮಲಾ ಪರೀಕ್ಷಾರ್ಥಿಯಾಗಿ ದುಡಿಯುತ್ತಿದ್ದ 1934ರಲ್ಲೇ ರಾಮನ್ ಅವರು ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿದರು. 1990ರ ದಶಕದಲ್ಲಿ ಆ ಅಕಾಡೆಮಿ ಕಾಲೇಜು ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಬೇಸಿಗೆ ಸಂಶೋಧನಾ ಫೆಲೋಶಿಪ್ ಕೊಡತೊಡಗಿತು. 2007ರಿಂದ ದೆಹಲಿ ಮತ್ತು ಅಲಹಾಬಾದಿನ ಎರಡು ವಿಜ್ಞಾನ ಅಕಾಡೆಮಿಗಳೂ ಕೈಗೂಡಿಸಿದವು. ದೇಶದ ಯಾವ ಮೂಲೆಯ ಕಾಲೇಜಿನಿಂದಲಾದರೂ ಅರ್ಜಿ ಹಾಕಬಹುದು. ಆಯ್ಕೆಯಾದರೆ ಎರಡು ತಿಂಗಳು ಒಬ್ಬ ವಿಜ್ಞಾನಿಯ ಪ್ರಯೋಗಾಲಯದಲ್ಲಿ ಕೆಲಸ. ಕೈಖರ್ಚಿಗೆ ಹಣ, ಹೋಗಿಬರುವ ರೈಲು ಚಾರ್ಜು. ಅರ್ಜಿಯಲ್ಲಿ ‘ಹೆಣ್ಣು’ ಎಂಬ ಕಡೆ ಗುರುತು ಹಾಕಿದರೆ ಯಾರೂ ತಡೆಯುವುದಿಲ್ಲ. ಇನ್ನೂ ಒಂದು ಮಾತು. ಇದೇ ಅಕಾಡೆಮಿ 2008ರಲ್ಲಿ ‘ಲೀಲಾವತೀಸ್ ಡಾಟರ್ಸ್’ ಎಂಬ ಪುಸ್ತಕ ಪ್ರಕಟಿಸಿತು. ಭಾರತದ ನೂರರ ಹತ್ತಿರ ಮಹಿಳಾ ವಿಜ್ಞಾನಿಗಳ ಬದುಕಿನ ಬರಹಗಳು ಅದರಲ್ಲಿವೆ. ಕಮಲಾ ಸೊಹೊನಿಯವರ ಕಥೆಯೂ ಇದೆ. ತನ್ನನ್ನು ಕಟ್ಟಿದವರು ಒಬ್ಬ ಹುಡುಗಿಗೆ ಬಾಗಿಲು ಹಾಕಿದ್ದರು ಎಂಬುದನ್ನು ಸಂಸ್ಥೆಯೊಂದು ತಾನೇ ಅಚ್ಚು ಹಾಕಿಸುವುದು ಸಣ್ಣ ಮಾತಲ್ಲ.

ನಾನು ತಿಪಟೂರಿನ ಕಡೆ ಬಹಳ ವರ್ಷ ರಸಾಯನಶಾಸ್ತ್ರ ಪಾಠ ಹೇಳಿದವಳು. ಪ್ರತಿ ವರ್ಷ ಚಳಿಗಾಲ ಬರುತ್ತಿದ್ದಂತೆ ಚುರುಕಾದ ನಾಲ್ಕೈದು ಹುಡುಗಿಯರನ್ನು ಕರೆದು ಈ ಅರ್ಜಿ ಹಾಕಿಸುವುದು ನನ್ನ ಪದ್ಧತಿಯಾಗಿತ್ತು. ಅರ್ಜಿಯಲ್ಲಿ ಅಂಕಗಳ ಜೊತೆಗೆ, ನೀನು ಯಾವ ವಿಷಯದ ಮೇಲೆ ಏನು ಮಾಡಬೇಕೆಂದಿದ್ದೀ ಎಂದು ನಾಲ್ಕು ಮಾತು ಬರೆಯಬೇಕು. ಒಬ್ಬ ಅಧ್ಯಾಪಕರ ಶಿಫಾರಸು ಬೇಕು. ಹೆಚ್ಚಿನವರು ಎಡವುವುದು ಆ ನಾಲ್ಕು ಮಾತಿನಲ್ಲಿ. ‘ವಿಜ್ಞಾನ ನನ್ನ ಬಾಲ್ಯದ ಕನಸು’ ಎಂದು ಶುರುಮಾಡುತ್ತಾರೆ. ಆಯ್ಕೆ ಮಾಡುವವರು ಅಂಥ ಕನಸುಗಳನ್ನು ಸಾವಿರಾರು ಓದಿರುತ್ತಾರೆ. ಒಂದು ಪ್ರಶ್ನೆ ಬರೆ, ಅದು ಚಿಕ್ಕದಾದರೂ ಪರವಾಗಿಲ್ಲ, ನಿನ್ನದಾಗಿರಲಿ ಎನ್ನುತ್ತಿದ್ದೆ. ಈ ಒಂದು ಯೋಜನೆಯನ್ನೇ ನಂಬಿ ಕೂರಬೇಡಿ, ಬೇಕಾದ ವಿಷಯದ ಪ್ರಾಧ್ಯಾಪಕರಿಗೆ ನೇರವಾಗಿ ಪತ್ರ ಬರೆಯಿರಿ ಎಂದೂ ಹೇಳುತ್ತಿದ್ದೆ. ಅದಕ್ಕೂ ಒಂದು ಕ್ರಮವಿದೆ. ಅವರ ಒಂದೆರಡು ಲೇಖನವನ್ನಾದರೂ ಓದಿ, ಅರ್ಥವಾಗದ್ದು ಯಾವುದು ಎಂದು ಗುರುತುಮಾಡಿ, ಆಮೇಲೆ ಅವರಿಗೆ ಮಾತ್ರ ಸಲ್ಲುವಂತೆ ಬರೆಯಬೇಕು. ಮದುವೆ ಕರೆಯೋಲೆಯ ಹಾಗೆ ಒಂದೇ ಪತ್ರವನ್ನು ನೂರು ಜನಕ್ಕೆ ಕಳಿಸಿದರೆ ಒಬ್ಬರೂ ಉತ್ತರಿಸುವುದಿಲ್ಲ.

2016ರ ಬೇಸಿಗೆಗೆ ನಮ್ಮಲ್ಲಿ ಇಬ್ಬರು ಹುಡುಗಿಯರು ಆಯ್ಕೆಯಾದರು. ಅವರ ಹೆಸರು ಬೇಡ. ಒಬ್ಬಳ ತಂದೆ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವವರು. ಅವಳು ತನ್ನ ಅರ್ಜಿಯಲ್ಲಿ ಅವರೆಕಾಳಿನ ಪ್ರಶ್ನೆ ಬರೆದಿದ್ದಳು. ನೆನೆಸುವುದು, ಬೇಯಿಸುವುದು, ಹುರಿಯುವುದು, ಇವುಗಳಲ್ಲಿ ಯಾವುದರಿಂದ ಟ್ರಿಪ್ಸಿನ್ ತಡೆವಸ್ತು ಹೆಚ್ಚು ಇಳಿಯುತ್ತದೆ? ಕಮಲಾ ಸೊಹೊನಿಯವರ ಲೇಖನದ ವಿಷಯ ತರಗತಿಯಲ್ಲಿ ಕೇಳಿದ್ದು ಅವಳ ತಲೆಯಲ್ಲಿ ಉಳಿದಿತ್ತು. ಬೆಂಗಳೂರಿನ ಒಂದು ಪ್ರಯೋಗಾಲಯ ಸಿಕ್ಕಿತು. ಪತ್ರ ಬಂದ ಮಾರನೆಯ ದಿನ ಅವಳ ಅಪ್ಪ ಕಾಲೇಜಿಗೇ ಬಂದರು.

“ಮೇಡಂ, ತಾವು ಒಳ್ಳೇದಕ್ಕೇ ಹೇಳ್ತೀರ. ಆದ್ರೆ ಎರಡು ತಿಂಗಳು ಒಬ್ಳೇ ಹೆಂಗೆ ಬಿಡೋದು? ಹಾಸ್ಟೆಲ್ ಬೇಡ, ರಾಜಾಜಿನಗರದಲ್ಲಿ ಅವಳ ಚಿಕ್ಕಮ್ಮನ ಮನೇಲಿರ್ಲಿ. ಕತ್ತಲಾಗೋಕ್ ಮುಂಚೆ ಮನೆ ಸೇರ್ಬೇಕು. ಮತ್ತೆ ಜೂನ್‌ನಲ್ಲಿ ಒಂದು ಕಡೆಯೋರು ನೋಡೋಕ್ ಬರ್ತಾರೆ, ಅವತ್ತು ಬಂದು ಹೋಗ್ಬೇಕು.”

ನಾನು ಬೆರಳು ಮಡಿಚಿ ಎಣಿಸಿದೆ. ಮೂರು. 1933ರಲ್ಲಿ ಸಂಸ್ಥೆ ಹಾಕಿದ್ದೂ ಮೂರು. ಆಗ ರಾತ್ರಿ ಎಷ್ಟು ಹೊತ್ತಾದರೂ ದುಡಿಯಬೇಕು ಎಂದಿದ್ದರು. ಈಗ ಕತ್ತಲಾಗುವ ಮೊದಲು ಮನೆ ಸೇರಬೇಕು. ಸಂಸ್ಥೆಗಳು ಹಾಕುತ್ತಿದ್ದ ಷರತ್ತು ಎಂಬತ್ತು ವರ್ಷಗಳಲ್ಲಿ ನಡೆದು ನಡೆದು ಮನೆಯ ಹೊಸಲಿಗೆ ಬಂದು ಕೂತಿದೆ ಎನ್ನಿಸಿತು. ಆ ತಂದೆ ಕೆಟ್ಟವರಲ್ಲ. ಮಗಳ ಫೀಸಿಗೆ ಸಾಲ ಮಾಡಿದವರು, ಅವಳ ಅಂಕಪಟ್ಟಿಯನ್ನು ಮಂಡಿಯಲ್ಲಿ ಎಲ್ಲರಿಗೂ ತೋರಿಸಿದವರು. ಅವರಿಗೆ ಇದ್ದದ್ದು ಭಯ. ಭಯಕ್ಕೆ ಆಧಾರ ಇಲ್ಲವೆಂದು ಹೇಳುವ ಧೈರ್ಯ ನನಗೂ ಇರಲಿಲ್ಲ. ಮಾತು ಮುಗಿಯಲಿಲ್ಲ. ಅದನ್ನು ಮುಗಿಸಿದವರು ಅವಳ ಅಮ್ಮ. ಏಳನೆಯ ತರಗತಿಗೇ ಶಾಲೆ ಬಿಟ್ಟ ಆಕೆ ಮರುದಿನ ಗಂಡನೊಂದಿಗೆ ಬಂದು ನನ್ನನ್ನು ಕೇಳಿದ್ದು ಬೇರೆ ಬಗೆಯ ಮಾತು. ಹಾಸ್ಟೆಲಿಗೆ ಕಾವಲು ಉಂಟೆ? ಪ್ರಯೋಗಾಲಯದಿಂದ ಅದು ಎಷ್ಟು ದೂರ? ಆ ಮೇಷ್ಟರ ಹತ್ತಿರ ಬೇರೆ ಹುಡುಗಿಯರು ಇದ್ದಾರೆಯೆ, ಅವರೊಂದಿಗೆ ಮಾತಾಡಬಹುದೆ? ಎಲ್ಲಕ್ಕೂ ಉತ್ತರ ತರಿಸಿದೆವು. ಅಲ್ಲಿ ಡಾಕ್ಟರೇಟ್ ಮಾಡುತ್ತಿದ್ದ ಹುಡುಗಿಯೊಬ್ಬಳು ಫೋನಿನಲ್ಲಿ ಅರ್ಧ ಗಂಟೆ ಈ ತಾಯಿಯ ಜೊತೆ ಮಾತಾಡಿದಳು. ಹುಡುಗಿ ಹಾಸ್ಟೆಲಿನಲ್ಲೇ ಉಳಿಯುವುದೆಂದಾಯಿತು. ನೋಡಲು ಬರುವವರಿಗೆ ಜುಲೈ ಆದಮೇಲೆ ಬನ್ನಿ ಎಂದು ಹೇಳಿಕಳಿಸಿದರು.

ಮೇ ತಿಂಗಳಲ್ಲಿ ಹಸಿ ಅವರೆ ಎಲ್ಲಿ ಸಿಗಬೇಕು? ಅವರೆಯ ಕಾಲ ಸಂಕ್ರಾಂತಿಯ ಆಚೀಚೆ. ಅಮ್ಮ ಡಬ್ಬಿಯಲ್ಲಿದ್ದ ಎರಡು ಸೇರು ಒಣ ಅವರೆ ಕಟ್ಟಿಕೊಟ್ಟರು. ಸಂಶೋಧನೆಗೆಂದು ಕಾಳು ಹೊತ್ತು ಯಶವಂತಪುರದಲ್ಲಿ ರೈಲಿಳಿದವಳು ಇವಳೊಬ್ಬಳೇ ಇರಬೇಕು.

ಆಮೇಲಿನದು ಅವಳೇ ನನಗೆ ಹೇಳಿದ್ದು. ಮೊದಲ ವಾರ ಪೂರ್ತಿ ಪಿಪೆಟ್ ಹಿಡಿಯುವುದೇ ಕಲಿಕೆ. ನಮ್ಮ ಕಾಲೇಜುಗಳಲ್ಲಿ ಬಾಯಿಂದ ಹೀರಿ ಹತ್ತು ಮಿಲಿಲೀಟರ್ ಅಳೆದ ಕೈಗಳಿಗೆ, ಅಲ್ಲಿ ಒಂದು ಹನಿಯ ಹತ್ತನೆಯ ಒಂದು ಭಾಗ ಅಳೆಯಬೇಕು. ಕಾಳನ್ನು ಹಿಟ್ಟುಮಾಡಿ, ಎಣ್ಣೆಯಂಶ ತೆಗೆದು, ಪ್ರೋಟೀನನ್ನು ದ್ರಾವಣಕ್ಕೆ ಇಳಿಸಬೇಕು. ಎಲ್ಲವೂ ಮಂಜುಗಡ್ಡೆಯ ಮೇಲೆ. ನಾಲ್ಕು ಡಿಗ್ರಿಯ ಕೋಣೆಯೊಂದಿದೆ. ಹೊರಗೆ ಬಿರುಬಿಸಿಲು, ಒಳಗೆ ಹೋಗುವಾಗ ಸ್ವೆಟರ್! ಟ್ರಿಪ್ಸಿನ್ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಅದಕ್ಕೆ ಕತ್ತರಿಸಲು ಒಂದು ಕೃತಕ ವಸ್ತು ಕೊಡುತ್ತಾರೆ. ಕತ್ತರಿಸಿದರೆ ಹಳದಿ ಬಣ್ಣ ಬಿಡುತ್ತದೆ. ಅವರೆಯ ಸಾರ ಸೇರಿಸಿದಾಗ ಹಳದಿ ಎಷ್ಟು ತಗ್ಗಿತು ಎಂದು ಯಂತ್ರದಲ್ಲಿ ಅಳೆದರೆ, ತಡೆವಸ್ತು ಎಷ್ಟಿದೆ ಎಂದು ಲೆಕ್ಕ ಸಿಗುತ್ತದೆ.

ಲೆಕ್ಕ ಹತ್ತು ದಿನ ಸಿಗಲಿಲ್ಲ. ಬೆಳಗ್ಗೆ ಒಂದು ಅಂಕಿ, ಮಧ್ಯಾಹ್ನ ಇನ್ನೊಂದು. ಅವರೆಯೇ ಹಾಕದ ಕೊಳವೆಯಲ್ಲೂ ಹಳದಿ ಕಡಿಮೆಯಾಗುತ್ತಿತ್ತು. ರಾತ್ರಿ ಫೋನಿನಲ್ಲಿ ಅತ್ತಳು. ವಾಪಸು ಬಂದುಬಿಡಲೆ ಮೇಡಂ ಎಂದಳು. ಕಾರಣ ಕಂಡುಹಿಡಿದದ್ದು ಅವಳೇ, ಹಳೆಯ ಲೇಖನಗಳನ್ನು ಓದುತ್ತಾ. ಟ್ರಿಪ್ಸಿನ್ ಪ್ರೋಟೀನನ್ನು ಕತ್ತರಿಸುವ ಕಿಣ್ವವಷ್ಟೆ, ತಾನೂ ಪ್ರೋಟೀನೇ. ಹಾಗೇ ಬಿಟ್ಟರೆ ಅದು ತನ್ನನ್ನೇ ಕತ್ತರಿಸಿಕೊಳ್ಳುತ್ತದೆ! ಅದಕ್ಕೆ ಅದನ್ನು ಬಹಳ ತೆಳುವಾದ ಆಮ್ಲದಲ್ಲಿ, ತಣ್ಣಗೆ ಇಡಬೇಕು. ಇವಳು ಬೆಳಗ್ಗೆಯೇ ಬೆರೆಸಿ ಮೇಜಿನ ಮೇಲಿಟ್ಟು ದಿನವಿಡೀ ಬಳಸುತ್ತಿದ್ದಳು. ಆಮ್ಲದಲ್ಲಿಟ್ಟ ದಿನ ಅಂಕಿಗಳು ಸಾಲಾಗಿ ನಿಂತವು. ಕಾಲೇಜಿನ ಪ್ರಯೋಗದಲ್ಲಿ ಉತ್ತರ ಮೊದಲೇ ರೆಕಾರ್ಡ್ ಪುಸ್ತಕದಲ್ಲಿರುತ್ತದೆ. ನಮ್ಮದು ತಪ್ಪಿದರೆ ಪಕ್ಕದವಳದು ನೋಡಿ ತಿದ್ದುತ್ತೇವೆ. ಇಲ್ಲಿ ನೋಡಲು ಪಕ್ಕದವಳಿಲ್ಲ. ಬೇಸಿಗೆಯ ಆ ಎರಡು ತಿಂಗಳಲ್ಲಿ ಕಲಿಯಬೇಕಾದ್ದು ಇದೊಂದೇ ಎಂದರೂ ಸಲ್ಲುತ್ತದೆ.

ಆರನೆಯ ವಾರ ಅಮ್ಮ ಮಗಳನ್ನು ನೋಡಲು ಹೋದರು. ಪ್ರಯೋಗಾಲಯ ತೋರಿಸಿದಾಗ ಆಕೆಯ ಕಣ್ಣು ಬಿದ್ದದ್ದು ಮೂಲೆಯ ಬೀಕರಿನಲ್ಲಿ ನೆನೆಯುತ್ತಿದ್ದ ಕಾಳಿನ ಮೇಲೆ. “ನೆನೆಸಿದ ನೀರು ಏನ್ ಮಾಡ್ತೀಯ?” ಎಂದರು. ಚೆಲ್ಲುತ್ತೇನೆ ಎಂದಳು ಮಗಳು. “ಅದ್ರಲ್ಲಿ ಏನ್ ಹೋಯ್ತು ಅಂತ ನೋಡ್ಲಿಲ್ವಾ? ನಿಮ್ಮಜ್ಜಿ ಆ ನೀರಲ್ಲಿ ಬೇಯಿಸ್ಬೇಡ ಅಂತಿದ್ರು.” ಪಕ್ಕದಲ್ಲಿ ನಿಂತಿದ್ದ ಮಾರ್ಗದರ್ಶಕರು ಕೇಳಿಸಿಕೊಂಡು ನಕ್ಕರಂತೆ, ನಕ್ಕು, ನಾಳೆಯೇ ಅಳೆದುಬಿಡು ಎಂದರಂತೆ. ಅಳೆದಳು. ತಡೆವಸ್ತುವಿನ ಸ್ವಲ್ಪ ಭಾಗ ನೀರಿಗೆ ಇಳಿದಿತ್ತು. ಹೆಚ್ಚಿನದನ್ನು ಇಳಿಸಿದ್ದು ಚೆನ್ನಾಗಿ ಬೇಯಿಸಿದ್ದೇ. ಆದರೂ ಅಜ್ಜಿಯ ಮಾತಿಗೆ ಆಧಾರ ಇಲ್ಲದಿರಲಿಲ್ಲ. ಎಂಟನೆಯ ವಾರ ಒಪ್ಪಿಸಿದ ವರದಿಯಲ್ಲಿ ಆ ನೀರಿಗೂ ಒಂದು ಸಾಲು ಅಂಕಿಗಳಿದ್ದವು. ಲೋಕವನ್ನು ಅಲುಗಿಸುವ ಸಂಶೋಧನೆ ಅದಲ್ಲ, ಅದರ ಹೆಚ್ಚಿನ ಭಾಗ ಬೇರೆಯವರು ಮೊದಲೇ ಕಂಡದ್ದು. ಆದರೆ ಅದು ಅವಳ ಕೈಯಾರೆ ಬಂದದ್ದು, ಇನ್ನೊಬ್ಬರು ಮಾಡಿ ನೋಡಿದರೆ ನಿಲ್ಲುವಂಥದ್ದು. ಅವಳು ಮುಂದೆ ಜೀವರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಆಹಾರ ಪರೀಕ್ಷಿಸುವ ಪ್ರಯೋಗಾಲಯವೊಂದರಲ್ಲಿ ಕೆಲಸ ಹಿಡಿದಳು. ಮದುವೆಯೂ ಆಯಿತು, ಜುಲೈವರೆಗೆ ಕಾದವರ ಮನೆಗಲ್ಲ, ಬೇರೆ ಕಡೆ.

ಇಬ್ಬರು ಆಯ್ಕೆಯಾದರು ಎಂದೆನಲ್ಲ, ಇನ್ನೊಬ್ಬಳು ಹೋಗಲಿಲ್ಲ. ಅಂಕದಲ್ಲಿ ಅವಳೇ ಒಂದು ಕೈ ಮೇಲು. ಅವಳಿಗೆ ಸಿಕ್ಕದ್ದು ಹೈದರಾಬಾದ್. ಮನೆಯವರು ನನ್ನನ್ನು ಚೆನ್ನಾಗಿಯೇ ಮಾತಾಡಿಸಿದರು, ಕಾಫಿ ಕೊಟ್ಟರು. “ಅಷ್ಟು ದೂರ ಬೇಡ ಬಿಡಿ ಮೇಡಂ, ಎರಡು ತಿಂಗಳಲ್ಲಿ ಏನ್ ಬದಲಾಗುತ್ತೆ?” ಎಂದರು. ಯಾರೂ ಗದರಲಿಲ್ಲ, ಯಾರೂ ಅಳಲಿಲ್ಲ. ಹುಡುಗಿ ತಟ್ಟೆ ತೆಗೆದುಕೊಂಡು ಒಳಗೆ ಹೋದಳು. ಕೆಲವು ವರ್ಷಗಳ ಮೇಲೆ ಒಂದು ಮದುವೆಯಲ್ಲಿ ಸಿಕ್ಕಿದಾಗ ಕಂಕುಳಲ್ಲಿ ಕೂಸಿತ್ತು, ಮುಖದಲ್ಲಿ ನಗುವೂ ಇತ್ತು. ಆಯ್ಕೆಯಾದ ಪತ್ರದ ಪ್ರಿಂಟು ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟಿದ್ದೇನೆ ಮೇಡಂ ಎಂದಳು. ಅವಳು ಸುಖವಾಗಿಲ್ಲ ಎಂದು ಹೇಳಲಾರೆ. ಆದರೆ ಆ ಪತ್ರವನ್ನು ಅವಳು ಎಸೆದಿರಲಿಲ್ಲ.

ಎರಡು ತಿಂಗಳಲ್ಲಿ ಏನು ಬದಲಾಗುತ್ತದೆ ಎಂಬ ಪ್ರಶ್ನೆಗೆ ಉತ್ತರ ನನಗೆ ಕಮಲಾ ಸೊಹೊನಿಯವರ ಆ ಒಂದು ವರ್ಷದಲ್ಲಿ ಕಾಣುತ್ತದೆ. ಪರೀಕ್ಷೆಗೆ ನಿಂತದ್ದು ಅವಳು ಎಂದು ಎಲ್ಲರೂ ತಿಳಿದಿದ್ದರು. ವರ್ಷದ ಕೊನೆಗೆ ತನ್ನ ನಿಯಮ ಬದಲಿಸಿಕೊಂಡದ್ದು ಸಂಸ್ಥೆ. ಈಗಿನ ಬೇಸಿಗೆಯ ಎರಡು ತಿಂಗಳೂ ಅಂಥದೇ ಒಂದು ಪರೀಕ್ಷೆ. ಹುಡುಗಿ ಪಿಪೆಟ್ ಹಿಡಿಯುವುದನ್ನು ಕಲಿಯುತ್ತಾಳೆ. ಅವಳಿಲ್ಲದೆ, ಅವಳನ್ನು ನಂಬಿ ಇರುವುದನ್ನು ಮನೆ ಕಲಿಯುತ್ತದೆ. ಕೊಬ್ಬರಿ ಮಂಡಿಯ ಆ ಲೆಕ್ಕಿಗರು ಎರಡು ವರ್ಷದ ಮೇಲೆ ಚಿಕ್ಕ ಮಗಳನ್ನು ಮೈಸೂರಿಗೆ ಓದಲು ಕಳಿಸುವಾಗ ನನ್ನನ್ನು ಕೇಳಲು ಬರಲಿಲ್ಲ. ಬರುವ ಅಗತ್ಯ ಅವರಿಗೆ ಕಾಣಲಿಲ್ಲ.

ನಮ್ಮ ಊರುಗಳಲ್ಲಿ ಬಿ.ಎಸ್ಸಿ. ಓದುವ ಮಗಳೋ ಸೊಸೆಯೋ ತಂಗಿಯ ಮಗಳೋ ಇಲ್ಲದ ಮನೆ ಈಗ ಕಡಿಮೆ. ಬೆಂಗಳೂರಿನಿಂದಲೋ ಪುಣೆಯಿಂದಲೋ ಇಂಥ ಒಂದು ಪತ್ರ ನಿಮ್ಮ ಮನೆಗೂ ಬರಬಹುದು. ಬಂದಾಗ ಏಳನೆಯ ತರಗತಿ ಓದಿದ ಆ ತಾಯಿ ಕೇಳಿದ ಪ್ರಶ್ನೆಗಳನ್ನು ನೀವೂ ಕೇಳಿ. ಹಾಸ್ಟೆಲಿಗೆ ಕಾವಲು ಉಂಟೆ, ಎಷ್ಟು ದೂರ, ಯಾರ ಬಳಿ ಕೆಲಸ, ಆಕೆಯೊಂದಿಗೆ ಯಾರಿರುತ್ತಾರೆ? ಕೇಳಲು ಸಂಕೋಚ ಬೇಡ, ಕೇಳಿದವರಿಗೆ ಉತ್ತರ ಕೊಡುವುದು ಅಲ್ಲಿಯವರ ಕರ್ತವ್ಯ. ಉತ್ತರ ಸರಿಯಾಗಿದ್ದರೆ ಡಬ್ಬಿಯಲ್ಲಿರುವ ಅವರೆಕಾಳನ್ನು ಕಟ್ಟಿಕೊಟ್ಟು ರೈಲು ಹತ್ತಿಸಿ.